ರಸ್ತೆಬದಿಯ ಕಸ ಎತ್ತಿದವರ ಮೇಲೆ ಕಾನೂನಿನ ಹೊಣೆ ಎಲ್ಲಿಂದ ಶುರುವಾಗುತ್ತದೆ?

ಬೆಳಗಿನ ನಡಿಗೆ:

ಮಾನ್ಯರೇ, ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಒಂದು ತಾಲ್ಲೂಕು ಕೇಂದ್ರದಲ್ಲಿ ವಾಸವಾಗಿದ್ದೇನೆ. ಊರಿನ ಹೆಸರು ಇಲ್ಲಿ ಬೇಡ. ಮೂರು ವರ್ಷಗಳಿಂದ ಬೆಳಿಗ್ಗೆ ತಿರುಗಾಟಕ್ಕೆ ಹೊರಡುವಾಗ ಕೈಯಲ್ಲಿ ಉದ್ದ ಹಿಡಿಯ ಒಂದು ಇಕ್ಕಳ ಮತ್ತು ಒಂದು ಗೋಣಿಚೀಲ ಇರುತ್ತವೆ. ಬಸ್ ನಿಲ್ದಾಣದ ಹಿಂಭಾಗದಿಂದ ಕೆರೆಯ ಏರಿಯವರೆಗೆ ರಸ್ತೆಯ ಎರಡೂ ಬದಿಯಲ್ಲಿ ಬಿದ್ದಿರುವ ನೀರಿನ ಬಾಟಲಿ, ಮದ್ಯದ ಪೊಟ್ಟಣ, ಗುಟ್ಕಾ ಚೀಟಿ, ಹೋಟೆಲಿನ ಪಾರ್ಸಲ್ ಕವರುಗಳನ್ನು ಆಯ್ದು, ಮನೆಯ ಒಣ ಕಸದ ಜೊತೆಯಲ್ಲಿಯೇ ಕಸದ ಗಾಡಿಗೆ ಕೊಡುವುದು ರೂಢಿ.

ಕಳೆದ ತಿಂಗಳ ಒಂದು ಭಾನುವಾರ ಗಾಡಿ ಬರಲಿಲ್ಲ. ಹಿಂದಿನ ರಾತ್ರಿ ಏರಿಯ ಮೇಲೆ ಯಾರದೋ ಹುಟ್ಟುಹಬ್ಬ ನಡೆದಿದ್ದರಿಂದ ಮೂರು ಚೀಲ ತುಂಬಿದ್ದವು. ಮನೆಯಲ್ಲಿಟ್ಟರೆ ಇರುವೆ ಮುತ್ತುತ್ತವೆ ಎಂದುಕೊಂಡು, ಊರಿನವರೆಲ್ಲ ಕಸ ಹಾಕುವ ಟ್ರಾನ್ಸ್‌ಫಾರ್ಮರ್ ಪಕ್ಕದ ಮೂಲೆಯಲ್ಲಿ ಅವನ್ನು ಇಟ್ಟು ತಿರುಗುವಷ್ಟರಲ್ಲಿ, ಸ್ಥಳೀಯ ಸಂಸ್ಥೆಯ ಇಬ್ಬರು ಸಿಬ್ಬಂದಿ ಫೋಟೋ ತೆಗೆದು, ಸಾರ್ವಜನಿಕ ಸ್ಥಳದಲ್ಲಿ ಕಸ ಸುರಿದದ್ದಕ್ಕಾಗಿ ಎರಡು ಸಾವಿರ ರೂಪಾಯಿ ದಂಡದ ರಸೀದಿ ಹರಿದು ಕೊಟ್ಟರು. ಇದು ನನ್ನ ಕಸವಲ್ಲ, ರಸ್ತೆಯಿಂದ ಆಯ್ದದ್ದು ಎಂದೆ. "ನಿಮ್ಮದಲ್ಲದಿದ್ದರೆ ನಿಮ್ಮ ಚೀಲದೊಳಗೆ ಹೇಗೆ ಬಂತು ಸ್ವಾಮಿ?" ಎಂದು ಅವರಲ್ಲಿ ಹಿರಿಯರು ಕೇಳಿದರು. ಉತ್ತರ ಹೊಳೆಯಲಿಲ್ಲ, ದಂಡ ಕಟ್ಟಿ ಬಂದೆ.

ಹಣ ಹೋದದ್ದಕ್ಕಿಂತ ಆ ಪ್ರಶ್ನೆ ನನ್ನನ್ನು ಹೆಚ್ಚು ಕಾಡುತ್ತಿದೆ. ರಸ್ತೆಯಲ್ಲಿ ಬಿದ್ದ ಕಸಕ್ಕೆ ಒಡೆಯರು ಯಾರು? ನಾನು ಅದನ್ನು ಎತ್ತಿಕೊಂಡ ಕ್ಷಣದಿಂದ ಅದರ ಹೊಣೆಯೆಲ್ಲ ನನ್ನದೇ ಆಗುತ್ತದೆಯೇ? ಈಗ ಬಡಾವಣೆಯ ಏಳೆಂಟು ಮಂದಿ ನನ್ನ ಜೊತೆ ಬರುತ್ತೇವೆ ಎನ್ನುತ್ತಿದ್ದಾರೆ. ಅವರನ್ನು ಕರೆದೊಯ್ಯುವ ಮೊದಲು ಬಲ್ಲವರಿಂದ ತಿಳಿದುಕೊಳ್ಳಬೇಕೆಂದು ಇಲ್ಲಿ ಬರೆಯುತ್ತಿದ್ದೇನೆ.

ಕಪ್ಪು ಕೋಟು:

ಸರ್, ನಾನು ಜಿಲ್ಲಾ ನ್ಯಾಯಾಲಯದಲ್ಲಿ ವಕೀಲಿಕೆ ಮಾಡುವವನು. ಮೊದಲು ಕಳವಿನ ಭಯವನ್ನು ತೆಗೆದುಬಿಡೋಣ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಪ್ರಕಾರ ಕಳವು ಎನ್ನಿಸಿಕೊಳ್ಳಬೇಕಾದರೆ ಆ ಚರ ವಸ್ತು ಒಬ್ಬರ ಸ್ವಾಧೀನದಲ್ಲಿರಬೇಕು, ಅವರ ಒಪ್ಪಿಗೆಯಿಲ್ಲದೆ ಅದನ್ನು ಕದಲಿಸಿರಬೇಕು ಮತ್ತು ಕದಲಿಸಿದವನಿಗೆ ಅಪ್ರಾಮಾಣಿಕ ಉದ್ದೇಶವಿರಬೇಕು. ಕುಡಿದು ಎಸೆದ ಬಾಟಲಿ ಯಾರ ಸ್ವಾಧೀನದಲ್ಲಿಯೂ ಇಲ್ಲ. ಎಸೆದವನು ಅದರ ಮೇಲಿನ ಹಕ್ಕನ್ನೂ ಬಾಟಲಿಯ ಜೊತೆಗೇ ಎಸೆದಿರುತ್ತಾನೆ. ಇದಕ್ಕೆ ಮೇಲಾಗಿ, ಸಾಧಾರಣ ಬುದ್ಧಿಯುಳ್ಳ ಯಾರೂ ದೂರಲಾರದಷ್ಟು ಅಲ್ಪವಾದ ಹಾನಿಯನ್ನು ಅಪರಾಧವೆಂದು ಎಣಿಸಬಾರದು ಎನ್ನುವ 33ನೇ ಕಲಂ ಕೂಡ ಇದೆ. ಹಳೆಯ ದಂಡ ಸಂಹಿತೆಯಲ್ಲಿ ಇದೇ 95ನೇ ಕಲಂ ಆಗಿತ್ತು. ಗುಟ್ಕಾ ಚೀಟಿ ಎತ್ತಿದ್ದಕ್ಕೆ ನಿಮ್ಮ ಮೇಲೆ ಯಾರೂ ಎಫ್‌ಐಆರ್ ಹಾಕಲಾರರು.

ಹಾಗಾದರೆ ದಂಡ ಏಕೆ ಬಿತ್ತು? ನೀವು ಎತ್ತಿದ್ದಕ್ಕಲ್ಲ, ಇಳಿಸಿದ್ದಕ್ಕೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳ 4ನೇ ನಿಯಮವು, ತ್ಯಾಜ್ಯ ಉತ್ಪಾದಕನು ತಾನು ಉತ್ಪಾದಿಸಿದ ಕಸವನ್ನು ಬೀದಿಯಲ್ಲಿ, ಬಯಲಿನಲ್ಲಿ, ಚರಂಡಿಯಲ್ಲಿ ಅಥವಾ ಜಲಮೂಲಗಳಲ್ಲಿ ಎಸೆಯುವುದನ್ನೂ ಸುಡುವುದನ್ನೂ ಹೂಳುವುದನ್ನೂ ನಿಷೇಧಿಸಿತ್ತು. ಅಲ್ಲಿನ "ತಾನು ಉತ್ಪಾದಿಸಿದ" ಎಂಬ ಎರಡು ಪದಗಳ ಮೇಲೆ ವಾದ ಕಟ್ಟಬಹುದಿತ್ತು, ಏಕೆಂದರೆ ಆ ಮೂರು ಚೀಲಗಳಲ್ಲಿದ್ದ ಕಸವನ್ನು ಉತ್ಪಾದಿಸಿದವರು ಹುಟ್ಟುಹಬ್ಬದವರು. ಆದರೆ ಸ್ಥಳೀಯ ಸಂಸ್ಥೆಗಳ ಉಪವಿಧಿಗಳು ಇಷ್ಟು ಸೂಕ್ಷ್ಮವಾಗಿ ಮಾತಾಡುವುದಿಲ್ಲ; ಕಸ ಯಾರದಾದರೂ ಆಗಲಿ, ನಿಗದಿಯಲ್ಲದ ಜಾಗದಲ್ಲಿ ತಂದು ಹಾಕಿದವರನ್ನೇ ಅವು ಹಿಡಿಯುತ್ತವೆ. ಎಲ್ಲರೂ ಹಾಕುತ್ತಾರೆ ಎಂಬ ಕಾರಣಕ್ಕೆ ಟ್ರಾನ್ಸ್‌ಫಾರ್ಮರ್ ಮೂಲೆ ಕಸದ ತೊಟ್ಟಿಯಾಗುವುದಿಲ್ಲ.

ಇನ್ನೊಂದು ಕಲಮನ್ನೂ ನೆನಪಿನಲ್ಲಿಡಿ. ತನ್ನ ಸ್ವಾಧೀನದಲ್ಲಿ ಅಥವಾ ಉಸ್ತುವಾರಿಯಲ್ಲಿ ಇರುವ ವಸ್ತುವಿನಿಂದ ಸಾರ್ವಜನಿಕ ದಾರಿಯಲ್ಲಿ ಯಾರಿಗಾದರೂ ಅಪಾಯ, ಅಡ್ಡಿ ಅಥವಾ ಗಾಯವಾಗುವಂತೆ ಬಿಟ್ಟವರಿಗೆ ಸಂಹಿತೆಯ 285ನೇ ಕಲಂ 5,000 ರೂಪಾಯಿವರೆಗೆ ದಂಡ ವಿಧಿಸುತ್ತದೆ. ಹಳೆಯ ಸಂಹಿತೆಯಲ್ಲಿ ಈ ದಂಡ 200 ರೂಪಾಯಿ ಇತ್ತು. ಗಾಜು ತುಂಬಿದ ಚೀಲವನ್ನು ನೀವು ರಸ್ತೆಯ ಅಂಚಿನಲ್ಲಿ ಇಟ್ಟು ಹೋದಿರಿ, ರಾತ್ರಿ ದ್ವಿಚಕ್ರ ವಾಹನದವನು ಅದಕ್ಕೆ ತಾಗಿ ಬಿದ್ದ ಎಂದುಕೊಳ್ಳಿ. ಚೆಲ್ಲಾಪಿಲ್ಲಿಯಾಗಿದ್ದಾಗ ಆ ಗಾಜಿಗೆ ವಾರಸುದಾರರು ಇರಲಿಲ್ಲ. ಚೀಲಕ್ಕೆ ತುಂಬಿದ ಮೇಲೆ ನೀವಿದ್ದೀರಿ. ಆ ಹಿರಿಯ ಸಿಬ್ಬಂದಿಯ ಪ್ರಶ್ನೆ ಒರಟಾಗಿತ್ತು, ಆದರೆ ತಪ್ಪಾಗಿರಲಿಲ್ಲ.

ಸಂತೆಬೀದಿ:

ಕ್ಷಮಿಸಿ, ಈ ಚರ್ಚೆಯ ದಿಕ್ಕು ನನಗೆ ಹಿಡಿಸಲಿಲ್ಲ. ಊರಿನಲ್ಲಿ ನೂರು ಮಂದಿ ರಾಜಾರೋಷವಾಗಿ ಕಸ ಎಸೆಯುತ್ತಾರೆ, ಅವರಲ್ಲಿ ಒಬ್ಬರಿಗೂ ರಸೀದಿ ಹರಿಯುವುದಿಲ್ಲ. ಬಗ್ಗಿ ಎತ್ತಿದ ಒಬ್ಬರಿಗೆ ಮಾತ್ರ ಕಲಂ, ನಿಯಮ, ಉಪವಿಧಿಗಳ ಪಾಠ. ಇದನ್ನು ಓದಿದವರು ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದೇಕೆ ಎಂದು ಸುಮ್ಮನಾಗುತ್ತಾರೆ. ಪರಿಸರವನ್ನು ಕಾಪಾಡುವುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯ ಎಂದು ಸಂವಿಧಾನದ 51ಎ ವಿಧಿಯೇ ಹೇಳುವಾಗ, ಕರ್ತವ್ಯ ಮಾಡಿದವರಿಗೆ ರಕ್ಷಣೆ ಇರಬೇಡವೇ? ಅಪಘಾತದ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರಿಗೆ ಕಾನೂನಿನ ರಕ್ಷಣೆ ಇದೆಯಲ್ಲ, ಅದು ಇಲ್ಲಿಗೆ ಅನ್ವಯಿಸುವುದಿಲ್ಲವೇ?

ಕಪ್ಪು ಕೋಟು:

ಅನ್ವಯಿಸುವುದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 134ಎ ಕಲಂ ರಸ್ತೆ ಅಪಘಾತದ ಗಾಯಾಳುವಿಗೆ ಸದ್ಭಾವನೆಯಿಂದ ನೆರವಾದವರಿಗೆ ಮಾತ್ರ ಸೀಮಿತವಾದದ್ದು. ನಮ್ಮ ರಾಜ್ಯವು 2016ರಲ್ಲಿಯೇ ಇಂತಹ ಪ್ರತ್ಯೇಕ ಕಾಯ್ದೆಯನ್ನು ರೂಪಿಸಿತು. ಅದರ ವ್ಯಾಪ್ತಿಯೂ ತುರ್ತು ಸಂದರ್ಭದ ಗಾಯಾಳುಗಳದ್ದೇ. ಕಸ ಎತ್ತುವವರಿಗೆ ಅಂತಹ ಕವಚವನ್ನು ಯಾರೂ ಹೊಲಿದಿಲ್ಲ. 51ಎ ವಿಧಿಯು ಕರ್ತವ್ಯವನ್ನು ನೆನಪಿಸುತ್ತದೆ, ಪರವಾನಗಿಯನ್ನು ಕೊಡುವುದಿಲ್ಲ. ತಮ್ಮ ಸಿಟ್ಟು ನ್ಯಾಯವಾದದ್ದೇ, ಆದರೆ ರಸೀದಿ ಹರಿಯುವವರ ಮುಂದೆ ಸಿಟ್ಟು ದಾಖಲೆಯಾಗುವುದಿಲ್ಲ.

ಹಳೇ ಇನ್ಸ್‌ಪೆಕ್ಟರು:

ನಾನು ಪುರಸಭೆಗಳಲ್ಲಿ ಆರೋಗ್ಯ ನಿರೀಕ್ಷಕನಾಗಿ ಇಪ್ಪತ್ತಾರು ವರ್ಷ ಕೆಲಸ ಮಾಡಿದವನು. ಸಂತೆಬೀದಿಯವರ ಕೋಪ ನನಗೆ ಅರ್ಥವಾಗುತ್ತದೆ. ಆದರೂ ರಸೀದಿ ಹರಿಯುವವರ ಕಡೆಯಿಂದ ಒಂದು ಮಾತು ಹೇಳುತ್ತೇನೆ. ಕಸ ಸುರಿಯುವ ಮೂಲೆಯಲ್ಲಿ ಸಿಕ್ಕಿಬಿದ್ದವರಲ್ಲಿ ಅರ್ಧದಷ್ಟು ಜನ "ಇದು ನಮ್ಮದಲ್ಲ, ದಾರಿಯಲ್ಲಿ ಬಿದ್ದಿತ್ತು, ಎತ್ತಿ ಇಲ್ಲಿ ಹಾಕಿದೆವು" ಎಂದೇ ಹೇಳುತ್ತಾರೆ. ನಿಜ ಹೇಳುವವರು ಯಾರು, ಸುಳ್ಳು ಹೇಳುವವರು ಯಾರು ಎಂದು ಚೀಲದ ಮೇಲೆ ಬರೆದಿರುವುದಿಲ್ಲ.

ಇದಕ್ಕೆ ಪರಿಹಾರ ಬಹಳ ಸರಳವಾದದ್ದು, ಮತ್ತು ಅದನ್ನು ಹೆಚ್ಚಿನವರು ಮಾಡುವುದಿಲ್ಲ. ಮುಖ್ಯಾಧಿಕಾರಿಗಳ ಹೆಸರಿಗೆ ಒಂದು ಪುಟದ ಪತ್ರ ಬರೆಯಿರಿ. ಇಂಥ ರಸ್ತೆಯಲ್ಲಿ, ಇಂಥ ವಾರ, ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ, ಇಷ್ಟು ಮಂದಿ ಸ್ವಯಂಪ್ರೇರಿತರಾಗಿ ಕಸ ಆಯುತ್ತೇವೆ, ಆಯ್ದ ಕಸವನ್ನು ಯಾವ ಜಾಗದಲ್ಲಿ ಯಾವ ಗಾಡಿಗೆ ಕೊಡಬೇಕೆಂದು ತಿಳಿಸಬೇಕು ಎಂದು ಕೋರಿ, ಟಪಾಲು ಶಾಖೆಯಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಉತ್ತರ ಬರುವುದು ತಡವಾಗಬಹುದು, ಬಾರದೆಯೂ ಇರಬಹುದು. ಆದರೆ ಆ ಮೊಹರಿದ್ದ ಪ್ರತಿ ಜೇಬಿನಲ್ಲಿದ್ದರೆ ಮೂಲೆಯಲ್ಲಿ ನಿಂತ ಸಿಬ್ಬಂದಿಯ ಮಾತಿನ ದನಿ ತಾನಾಗಿಯೇ ಬದಲಾಗುತ್ತದೆ. ನೂರಕ್ಕಿಂತ ಹೆಚ್ಚು ಮಂದಿ ಸೇರುವ ಕಾರ್ಯಕ್ರಮವಾದರೆ ಮೂರು ಕೆಲಸದ ದಿನ ಮುಂಚೆ ಸ್ಥಳೀಯ ಸಂಸ್ಥೆಗೆ ತಿಳಿಸಬೇಕೆಂದು 2016ರ ನಿಯಮಗಳೇ ಹೇಳಿದ್ದವು. ಸ್ವಚ್ಛತಾ ಅಭಿಯಾನ ಎಂದು ಜನ ಸೇರಿಸಿ, ಕೊನೆಗೆ ಉಪ್ಪಿಟ್ಟಿನ ತಟ್ಟೆಗಳನ್ನು ಅಲ್ಲೇ ಬಿಟ್ಟುಹೋದ ಕಾರ್ಯಕ್ರಮಗಳನ್ನು ನಾನೇ ನೋಡಿದ್ದೇನೆ.

ಇನ್ನು ಎರಡನೆಯದು. ಆಯ್ದದ್ದನ್ನು ವಿಂಗಡಿಸದೆ ಕೊಟ್ಟರೆ ಗಾಡಿಯವರು ತೆಗೆದುಕೊಳ್ಳದಿರಬಹುದು. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ನಿಯಮಗಳಲ್ಲಿ ಹಸಿ, ಒಣ, ನೈರ್ಮಲ್ಯ ಮತ್ತು ವಿಶೇಷ ಕಾಳಜಿಯ ತ್ಯಾಜ್ಯ ಎಂದು ನಾಲ್ಕು ಬಗೆಯ ವಿಂಗಡಣೆ ಇದೆ. ಡಯಾಪರ್, ಪ್ಯಾಡುಗಳು ಮೂರನೆಯದಕ್ಕೂ, ಬಲ್ಬು, ಬಣ್ಣದ ಡಬ್ಬಿ, ಅವಧಿ ಮೀರಿದ ಔಷಧಗಳು ನಾಲ್ಕನೆಯದಕ್ಕೂ ಹೋಗುತ್ತವೆ.

ಮೂರನೆಯದಾಗಿ, ಒಟ್ಟುಮಾಡಿದ ಎಲೆ, ಪ್ಲಾಸ್ಟಿಕ್ಕುಗಳಿಗೆ ದಯವಿಟ್ಟು ಕಡ್ಡಿ ಗೀರಬೇಡಿ. ಕಸ ಎತ್ತುವ ಉತ್ಸಾಹಿಗಳು ಅತಿ ಹೆಚ್ಚು ಎಡವುವುದು ಇಲ್ಲಿಯೇ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿಗೆ ಒಯ್ದ ಕಸದ ಪ್ರಕರಣವು ಮುಂದೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ವರ್ಗವಾಗಿ, 2016ರ ಡಿಸೆಂಬರ್‌ನಲ್ಲಿ ಬಂದ ಆದೇಶವು ದೇಶದಾದ್ಯಂತ ಬಯಲಿನಲ್ಲಿ ಕಸ ಸುಡುವುದನ್ನು ನಿಷೇಧಿಸಿತು. ಸಾಧಾರಣವಾಗಿ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ. ಸುಟ್ಟವರ ಉದ್ದೇಶ ಒಳ್ಳೆಯದಿತ್ತೇ ಎಂದು ಆ ಆದೇಶ ಕೇಳುವುದಿಲ್ಲ.

ಘಟ್ಟದ ತಿರುವು:

ನಾವು ಚಿಕ್ಕಮಗಳೂರು ಕಡೆಯವರು. ಮಳೆಗಾಲ ಮುಗಿದ ಮೇಲೆ ಪ್ರವಾಸಿಗರು ಬಿಟ್ಟುಹೋದ ಬಾಟಲಿಗಳನ್ನು ಆಯಲು ಘಟ್ಟದ ರಸ್ತೆಗೆ ಹೋಗುತ್ತೇವೆ. ಊರ ರಸ್ತೆಯ ಕಸಕ್ಕೂ ಕಾಡಿನ ರಸ್ತೆಯ ಕಸಕ್ಕೂ ಕಾನೂನಿನಲ್ಲಿ ಬಹಳ ವ್ಯತ್ಯಾಸವಿದೆ ಎಂಬುದು ನಮಗೆ ಗೊತ್ತಾದದ್ದು ಒಬ್ಬ ಅರಣ್ಯ ರಕ್ಷಕರು ತಡೆದು ನಿಲ್ಲಿಸಿದ ಮೇಲೆ. ರಸ್ತೆ ಲೋಕೋಪಯೋಗಿ ಇಲಾಖೆಯದ್ದು ಅಥವಾ ಹೆದ್ದಾರಿಯವರದ್ದು ಇರಬಹುದು, ಆದರೆ ಡಾಂಬರಿನಿಂದ ನಾಲ್ಕು ಹೆಜ್ಜೆ ಇಳಿದರೆ ಮೀಸಲು ಅರಣ್ಯ. ಅಭಯಾರಣ್ಯವಾಗಿದ್ದರೆ ಅನುಮತಿಯಿಲ್ಲದೆ ಒಳಗೆ ಕಾಲಿಡುವುದನ್ನು 1972ರ ವನ್ಯಜೀವಿ ಕಾಯ್ದೆಯ 27ನೇ ಕಲಂ ನಿರ್ಬಂಧಿಸುತ್ತದೆ. ಅಲ್ಲಿ ಕಸ ಎಸೆಯುವುದನ್ನು ನಿಷೇಧಿಸಿರುವುದೂ ಅದೇ ಕಲಂ. ಎಸೆದವನು, ಎತ್ತಲು ಹೋದವನು ಇಬ್ಬರೂ ಒಂದೇ ಕಲಮಿನ ಕೆಳಗೆ ನಿಲ್ಲಬೇಕಾಗಿ ಬಂದರೆ ಅದಕ್ಕಿಂತ ಅಣಕ ಬೇರಿಲ್ಲ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವೇ ಇಲ್ಲ, ಹಗಲಿನಲ್ಲಿ ವಾಹನ ನಿಲ್ಲಿಸಿ ಇಳಿಯುವಂತಿಲ್ಲ. ಅಲ್ಲಿ ಚೀಲ ಹಿಡಿದು ಇಳಿಯುವ ಮಾತೇ ಬೇಡ. ಅರಣ್ಯ ಇಲಾಖೆಯವರೇ ಸ್ವಯಂಸೇವಕರನ್ನು ಕರೆದಾಗ ಅವರೊಡನೆ ಹೋಗಬೇಕು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಇದೆ. ಕಸ ಆಯುವಾಗ ನಮ್ಮ ಗುಂಪಿನ ಹುಡುಗನೊಬ್ಬನಿಗೆ ಪೊದೆಯ ಕೆಳಗೆ ಉದುರಿಬಿದ್ದ ಜಿಂಕೆಯ ಕೊಂಬು ಸಿಕ್ಕಿತು. ಗೋಡೆಗೆ ಹಾಕುತ್ತೇನೆ ಎಂದು ಚೀಲಕ್ಕೆ ಹಾಕಿಕೊಂಡ. ಪುಣ್ಯಕ್ಕೆ ಜೊತೆಯಲ್ಲಿದ್ದ ಎಸ್ಟೇಟಿನ ರೈಟರು ನೋಡಿ ಕೆಳಗಿಡಿಸಿದರು. ಬೇಟೆಯಾಡದಿದ್ದರೂ, ಸತ್ತು ಬಿದ್ದ ಪ್ರಾಣಿಯದ್ದೇ ಆದರೂ, ಅದರ ಅಂಗಗಳು ಅದೇ ವನ್ಯಜೀವಿ ಕಾಯ್ದೆಯ 39ನೇ ಕಲಂ ಪ್ರಕಾರ ಸರ್ಕಾರದ ಸೊತ್ತು. ಕೈಗೆ ಬಂದರೆ 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅಧಿಕೃತ ಅಧಿಕಾರಿಗೋ ತಿಳಿಸಬೇಕು. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಪದಕಗಳ ಗದ್ದಲ ರಾಜ್ಯದಲ್ಲೆಲ್ಲ ಎದ್ದಾಗ, ಅಜ್ಜನ ಕಾಲದ್ದು, ಯಾರೋ ಕೊಟ್ಟದ್ದು, ದಾರಿಯಲ್ಲಿ ಸಿಕ್ಕಿದ್ದು ಎಂಬ ಉತ್ತರಗಳನ್ನು ಎಲ್ಲರೂ ಕೇಳಿದ್ದೇವೆ.

ಬೆಳಗಿನ ನಡಿಗೆ:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಸಿಕ್ಕಿದ ವಸ್ತುಗಳ ಬಗ್ಗೆಯೇ ಒಂದು ಉಪಪ್ರಶ್ನೆ. ಹೋದ ವರ್ಷ ಚರಂಡಿಯ ಅಂಚಿನಲ್ಲಿ ಒಂದು ಪರ್ಸ್ ಸಿಕ್ಕಿತ್ತು. ಒಳಗೆ ಹಣ ಇರಲಿಲ್ಲ, ಒಬ್ಬರ ಆಧಾರ್ ಕಾರ್ಡು, ಎಟಿಎಂ ಕಾರ್ಡು ಇದ್ದವು. ಠಾಣೆಗೆ ಕೊಡಲು ಹೋದರೆ ಹಣ ಎಲ್ಲಿ ಎಂದು ನನ್ನನ್ನೇ ಕೇಳಿಯಾರೆಂಬ ಅಂಜಿಕೆಯಿಂದ, ವಿಳಾಸದ ಮನೆಗೆ ಹೋಗಿ ಗೇಟಿನೊಳಗೆ ಹಾಕಿ ಬಂದುಬಿಟ್ಟೆ. ಇದು ಸರಿಯೇ?

ಕಪ್ಪು ಕೋಟು:

ಫಲ ಸರಿ, ಮಾರ್ಗ ಅಷ್ಟು ಸರಿಯಲ್ಲ. ಬಿದ್ದ ವಸ್ತುವನ್ನು ಒಡೆಯನಿಗೆ ತಲುಪಿಸಲೆಂದು ಎತ್ತಿಕೊಂಡವನು ಅಪ್ರಾಮಾಣಿಕನಲ್ಲ ಎಂದು ನ್ಯಾಯ ಸಂಹಿತೆಯ 314ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಒಡೆಯ ಯಾರೆಂದು ಗೊತ್ತಿದ್ದೂ, ಅಥವಾ ತಿಳಿಯುವ ದಾರಿ ಇದ್ದೂ, ತನ್ನದಾಗಿಸಿಕೊಂಡರೆ ಮಾತ್ರ ಅಪರಾಧ. ಆಗ ಆರು ತಿಂಗಳಿಗೆ ಕಡಿಮೆಯಿಲ್ಲದ, ಎರಡು ವರ್ಷದವರೆಗಿನ ಸೆರೆವಾಸ ಮತ್ತು ದಂಡ. 1860ರ ದಂಡ ಸಂಹಿತೆಯು ಇದಕ್ಕೆ ಹೆದ್ದಾರಿಯಲ್ಲಿ ಸಿಕ್ಕಿದ ಒಂದು ರೂಪಾಯಿಯ ಉದಾಹರಣೆಯನ್ನು ಕೊಟ್ಟಿತ್ತು: ಯಾರದೆಂದು ತಿಳಿಯದ ಆ ರೂಪಾಯಿಯನ್ನು ಎತ್ತಿಕೊಂಡವನು ಅಪರಾಧಿಯಲ್ಲ. ಪರ್ಸಿನೊಳಗೆ ವಿಳಾಸವಿದ್ದರೆ ಕಥೆ ಬೇರೆ. ಜೊತೆಗೆ 1872ರ ಕರಾರು ಕಾಯ್ದೆಯ 71ನೇ ಕಲಂ ಪ್ರಕಾರ, ಸಿಕ್ಕಿದ ವಸ್ತುವನ್ನು ತನ್ನ ವಶಕ್ಕೆ ತೆಗೆದುಕೊಂಡವನು ನಂಬಿ ಒಪ್ಪಿಸಿದ ವಸ್ತುವನ್ನು ಕಾಯುವವನಷ್ಟೇ ಜೋಪಾನದಿಂದ ಅದನ್ನು ಕಾಯಬೇಕು. ಎತ್ತದೆ ದಾಟಿ ಹೋದವನಿಗೆ ಈ ಹೊಣೆ ಇಲ್ಲ. ಮುಂದೆ ಇಂಥದ್ದು ಕಂಡರೆ ಎತ್ತುವ ಮೊದಲು ಬಿದ್ದಲ್ಲಿಯೇ ಒಂದು ಫೋಟೋ ತೆಗೆಯಿರಿ, ಜೊತೆಯವರೊಬ್ಬರ ಎದುರಿಗೆ ತೆರೆಯಿರಿ, ಠಾಣೆಗೆ ಒಪ್ಪಿಸಿ ಸ್ವೀಕೃತಿ ಪಡೆಯಿರಿ.

ವಾರಸುದಾರರಿಲ್ಲದ ಬ್ಯಾಗು, ಕಟ್ಟಿದ ಪೊಟ್ಟಣ, ಚಾಕು, ರಕ್ತದ ಕಲೆಯ ಬಟ್ಟೆ ಇವುಗಳ ಹತ್ತಿರ ಇಕ್ಕಳವನ್ನೂ ಒಯ್ಯಬೇಡಿ. 112ಕ್ಕೆ ಕರೆ ಮಾಡಿ ದೂರ ನಿಲ್ಲಿ. 2024ರ ಮಾರ್ಚ್ 1ರಂದು ಬೆಂಗಳೂರಿನ ಹೋಟೆಲಿನಲ್ಲಿ ಸ್ಫೋಟಿಸಿದ್ದು ಬಿಟ್ಟುಹೋದ ಒಂದು ಚೀಲವೇ. ಗಾಂಜಾದ ಪೊಟ್ಟಣವಾಗಿದ್ದರೆ ಮಾದಕವಸ್ತು ಕಾಯ್ದೆಯ 35ನೇ ಕಲಂ ಪ್ರಕಾರ ತಪ್ಪಿನ ಅರಿವು ಇತ್ತೆಂದೇ ನ್ಯಾಯಾಲಯ ಮೊದಲು ಊಹಿಸುತ್ತದೆ. ಇರಲಿಲ್ಲ ಎಂದು ತೋರಿಸುವ ಭಾರ ನಿಮ್ಮ ಮೇಲೆ ಬೀಳುತ್ತದೆ. ನಮ್ಮ ಕ್ರಿಮಿನಲ್ ಕಾನೂನಿನಲ್ಲಿ ಇದು ಅಪರೂಪದ ತಿರುವು, ಆದ್ದರಿಂದಲೇ ಎಚ್ಚರ ಬೇಕು.

ವಾರ್ಡಿನ ಅಕ್ಕ:

ನಾನು ಸರ್ಕಾರಿ ಆಸ್ಪತ್ರೆಯೊಂದರ ಶುಶ್ರೂಷಕಿ. ರಸ್ತೆಬದಿಯಲ್ಲಿ ಹಳದಿ ಅಥವಾ ಕೆಂಪು ಚೀಲ, ಸಿರಿಂಜು, ರಕ್ತದ ನಳಿಗೆ, ಡ್ರಿಪ್ ಬಾಟಲಿಗಳು ರಾಶಿಯಾಗಿ ಕಂಡರೆ ಅದು ನಿಮ್ಮ ಇಕ್ಕಳದ ಕೆಲಸವಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಸೂಜಿಗಳು ತೂತು ಬೀಳದ ಬಿಳಿಯ ಡಬ್ಬಿಗೇ ಹೋಗಬೇಕು, ಸಂಸ್ಕರಿಸದ ತ್ಯಾಜ್ಯವನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಚೀಲಗಳ ಮೇಲೆ ಬಾರ್‌ಕೋಡ್ ಇರಬೇಕು. ಆ ಬಾರ್‌ಕೋಡ್ ಸುರಿದವರು ಯಾರೆಂದು ಹೇಳುತ್ತದೆ. ನೀವು ಶುದ್ಧ ಮನಸ್ಸಿನಿಂದ ಅದನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಮನೆಯ ಒಣ ಕಸದಲ್ಲಿ ಸೇರಿಸಿದರೆ ಸಾಕ್ಷ್ಯವೂ ಹೋಯಿತು, ನಾಳೆ ಅದನ್ನು ಕೈಯಿಂದ ವಿಂಗಡಿಸುವ ಹೆಣ್ಣುಮಗಳ ಬೆರಳಿಗೆ ಸೂಜಿಯೂ ಚುಚ್ಚಿತು. ಫೋಟೋ, ಜಾಗದ ಗುರುತು ಇವುಗಳೊಂದಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಮತ್ತು ಸ್ಥಳೀಯ ಸಂಸ್ಥೆಗೆ ದೂರು ಕೊಡಿ.

ನಿಮಗೇ ಚುಚ್ಚಿದರೆ ಹರಿಯುವ ನೀರು, ಸೋಪಿನಿಂದ ತೊಳೆದು ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಬನ್ನಿ. ಎಚ್‌ಐವಿ ತಡೆಯ ಮಾತ್ರೆಗಳನ್ನು 72 ಗಂಟೆಯೊಳಗೆ ಶುರುಮಾಡಬೇಕು, ಅದಕ್ಕೂ ಮುಂಚೆ ಆದಷ್ಟೂ ಒಳ್ಳೆಯದು. ತಂಡ ಕಟ್ಟುವವರು ಹೆಪಟೈಟಿಸ್ ಬಿ ಲಸಿಕೆಯ ಮೂರು ಸುತ್ತುಗಳನ್ನು ಮೊದಲೇ ಮುಗಿಸಿಕೊಳ್ಳುವುದು ಜಾಣತನ. ಕೇಳಿದ್ದು ಕಾನೂನಿನ ಅಪಾಯ ಎಂಬುದು ಗೊತ್ತಿದೆ, ಆದರೂ ಹೇಳದೆ ಇರಲಾರೆ.

ಡಲ್ಲಾಸ್ ಕನ್ನಡಿಗ:

ನಾನಿರುವ ಟೆಕ್ಸಸ್ ರಾಜ್ಯದಲ್ಲಿ ಹೆದ್ದಾರಿಯ ತುಂಡೊಂದನ್ನು ದತ್ತು ತೆಗೆದುಕೊಳ್ಳುವ ಪದ್ಧತಿ 1985ರಲ್ಲಿ ಟೈಲರ್ ಎಂಬ ಊರಿನ ಬಳಿ ಆರಂಭವಾಗಿ ಇಡೀ ದೇಶಕ್ಕೆ ಹಬ್ಬಿತು. ನಮ್ಮ ಕನ್ನಡ ಗೆಳೆಯರ ಗುಂಪು ಕೂಡ ಒಮ್ಮೆ ಅಂತಹ ರಸ್ತೆಯಲ್ಲಿ ಕೆಲಸ ಮಾಡಿದೆ. ಅಲ್ಲಿ ಸಾರಿಗೆ ಇಲಾಖೆಯೊಡನೆ ಲಿಖಿತ ಒಪ್ಪಂದವಿರುತ್ತದೆ, ಕೆಲಸಕ್ಕೆ ಮುಂಚೆ ಸುರಕ್ಷತೆಯ ಪಾಠವಿರುತ್ತದೆ, ಹೊಳೆಯುವ ಜಾಕೆಟ್ ಹಾಕದೆ ರಸ್ತೆಗೆ ಇಳಿಯುವಂತಿಲ್ಲ, ತುಂಬಿದ ಚೀಲಗಳನ್ನು ಇಲಾಖೆಯೇ ಒಯ್ಯುತ್ತದೆ. ಇಷ್ಟೆಲ್ಲ ಕಟ್ಟುನಿಟ್ಟು ಏಕೆ ಎಂದು ಮೊದಮೊದಲು ನಗು ಬರುತ್ತಿತ್ತು. ಒಂದು ಟ್ರಕ್ಕು ಮಾರು ದೂರದಲ್ಲಿ ಹಾದುಹೋದಾಗ ಕೈಯಲ್ಲಿದ್ದ ಚೀಲವನ್ನು ಅದರ ಗಾಳಿಯೇ ಕಿತ್ತುಕೊಂಡಿತು; ಆಮೇಲೆ ನಗು ಬರಲಿಲ್ಲ.

ಕಪ್ಪು ಕೋಟು:

ಒಳ್ಳೆಯ ಮಾತು ಬಂತು. ನಮ್ಮಲ್ಲಿ ರಾಷ್ಟ್ರೀಯ ಹೆದ್ದಾರಿಯ ಜಾಗ ಕೇಂದ್ರ ಸರ್ಕಾರದ್ದು, ಅಲ್ಲಿನ ಕಸದ ದೂರಿಗೆ 1033 ಸಹಾಯವಾಣಿ ಇದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೇ ಪ್ರವೇಶವಿಲ್ಲ, ಅಂಥಲ್ಲಿ ಕಾಲ್ನಡಿಗೆಯಲ್ಲಿ ಕಸ ಆಯುವ ಯೋಚನೆಯನ್ನು ಬಿಡಿ. ರೈಲು ಹಳಿಯ ಬದಿಗೆ ಇಳಿದರೆ 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅತಿಕ್ರಮ ಪ್ರವೇಶ: ಆರು ತಿಂಗಳವರೆಗೆ ಸೆರೆ ಅಥವಾ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ.

ತಂಡವನ್ನು ಕರೆದೊಯ್ಯುವವರಿಗೆ ಇನ್ನೊಂದು ಹೊಣೆ. ಸ್ವಯಂಸೇವಕರಿಂದ "ಏನಾದರೂ ಆದರೆ ನಾವೇ ಜವಾಬ್ದಾರರು" ಎಂದು ಬರೆಸಿಕೊಳ್ಳುವ ರೂಢಿ ಇದೆ. ಆ ಕಾಗದ ನಿಮ್ಮ ನಿರ್ಲಕ್ಷ್ಯವನ್ನು ತೊಳೆಯುವುದಿಲ್ಲ. ತಿರುವಿನಲ್ಲಿ ಮಕ್ಕಳನ್ನು ನಿಲ್ಲಿಸಿ ಕಸ ಆಯಿಸಿದವರನ್ನು ಯಾವ ಸಹಿಯೂ ಕಾಪಾಡಲಾರದು. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೆ ಸರ್ಕಾರದ ಯೋಜನೆಯಲ್ಲಿ ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸಿಗುತ್ತದೆ. ಒಂದು ಬಾಟಲಿಗಾಗಿ ಆ ಲೆಕ್ಕಕ್ಕೆ ಯಾರೂ ಸೇರಬಾರದು.

ಸಂತೆಬೀದಿ:

ನಾನು ಸಿಟ್ಟಿನಲ್ಲಿ ಬರೆದಿದ್ದೆ, ಆದರೆ ಓದುತ್ತಾ ಬಂದಂತೆ ನನ್ನದೇ ಒಂದು ಕೆಲಸ ನೆನಪಾಯಿತು. ನಮ್ಮ ಬೀದಿಯ ಕೊನೆಯ ಖಾಲಿ ನಿವೇಶನದಲ್ಲಿ ಸುರಿದಿದ್ದ ಚೀಲವೊಂದರಲ್ಲಿ ವಿದ್ಯುತ್ ಬಿಲ್ಲು ಸಿಕ್ಕಿತು. ಆ ಮನೆಯ ಮುಂದೆಯೇ ಚೀಲವನ್ನು ಸುರಿದು, ಫೋಟೋವನ್ನು ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಬೆಂಗಳೂರಿನಲ್ಲಿ 2025ರ ಅಕ್ಟೋಬರ್ ಕೊನೆಯಲ್ಲಿ "ಕಸ ಸುರಿಯುವ ಹಬ್ಬ" ಎಂದು ಅಧಿಕಾರಿಗಳೇ ಇದನ್ನು ಮಾಡಿರಲಿಲ್ಲವೇ?

ಕಪ್ಪು ಕೋಟು:

ಮಾಡಿದ್ದರು. ಆದರೆ ದಂಡ ಹಾಕುವ ಅಧಿಕಾರವುಳ್ಳವರು, ಸುರಿಯುವವರ ವಿಡಿಯೊ ಇಟ್ಟುಕೊಂಡು ಮಾಡಿದ್ದು ಅದು. ಅದು ಕೂಡ ಸರಿಯೇ ಎಂಬ ಬಗ್ಗೆ ನನಗೆ ಅನುಮಾನಗಳಿವೆ. ನೀವು ಮಾಡಿದಾಗ, ಕಾನೂನಿನ ಕಣ್ಣಿಗೆ ಆ ದಿನ ಬೀದಿಯಲ್ಲಿ ಕಸ ಸುರಿದವರು ನೀವು, ಮತ್ತು ಸಾಕ್ಷ್ಯವಾಗಿ ಫೋಟೋವನ್ನೂ ನೀವೇ ಹಂಚಿದ್ದೀರಿ. ಬಿಲ್ಲು ಸಿಕ್ಕಿತು ಎಂದಮಾತ್ರಕ್ಕೆ ಆ ಮನೆಯವರೇ ಸುರಿದರು ಎಂದಾಗುವುದಿಲ್ಲ. ಅವರು ಗಾಡಿಗೆ ಕೊಟ್ಟ ಚೀಲವನ್ನು ಇನ್ನಾರೋ ಅಲ್ಲಿ ಬಿಸಾಡಿರಬಹುದು. ಹಾಗಾಗಿದ್ದರೆ ನ್ಯಾಯ ಸಂಹಿತೆಯ 356ನೇ ಕಲಮಿನ ಮಾನಹಾನಿಯ ಮಾತು ಬರುತ್ತದೆ. ಬಿಲ್ಲನ್ನು ಆರೋಗ್ಯ ನಿರೀಕ್ಷಕರಿಗೆ ಕೊಡಿ, ಅವರು ನೋಟಿಸು ಕೊಡಲಿ.

ಖಾಲಿ ನಿವೇಶನದ ಬಗ್ಗೆಯೂ ಒಂದು ಮಾತು. ಶುಚಿ ಮಾಡುವುದಕ್ಕೆ ಒಳಹೊಕ್ಕರೆ ಅದು ಅಪರಾಧವಾಗುವ ಅತಿಕ್ರಮವಲ್ಲ, ಏಕೆಂದರೆ ಅದೇ ಸಂಹಿತೆಯ 329ನೇ ಕಲಮಿಗೆ ಕಿರುಕುಳ ಕೊಡುವ ಅಥವಾ ಅಪರಾಧ ಎಸಗುವ ಉದ್ದೇಶ ಬೇಕು. ಆದರೆ ಮಾಲೀಕರು ಹೊರಗೆ ಹೋಗಿ ಎಂದರೆ ಹೋಗಲೇಬೇಕು. ಶುಚಿ ಮಾಡಿದ ಮೇಲೆ ಗಿಡ ನೆಟ್ಟು, ಕಲ್ಲುಬೆಂಚು ಹಾಕಿ, ಸಂಘದ ಫಲಕ ನೆಟ್ಟರೆ, ನಿವೇಶನ ಕಬಳಿಸಲು ಬಂದಿದ್ದಾರೆ ಎಂದು ಅವರು ಹೆದರುವುದು ಸಹಜ. ಇಂತಹ ಒಂದು ಜಗಳ ನನ್ನ ಕಚೇರಿಯ ಕಡತದಲ್ಲಿ ಇನ್ನೂ ಮುಗಿದಿಲ್ಲ.

ಅರಳಿಕಟ್ಟೆ:

ನಮ್ಮೂರಿನಲ್ಲಿ ದೊಡ್ಡ ತಲೆನೋವು ಬಾಟಲಿಯದ್ದಲ್ಲ, ಅರಳಿ ಮರದ ಬುಡದಲ್ಲಿ ತಂದಿಡುವ ಒಡೆದ ದೇವರ ಪಟಗಳದ್ದು. ಮೂರು ದಾರಿ ಕೂಡುವಲ್ಲಿ ನಿವಾಳಿಸಿ ಹಾಕಿದ ನಿಂಬೆಹಣ್ಣು, ಬೂದುಗುಂಬಳಗಳದ್ದೂ ಇದೆ. ಗಾಜಿನ ಚೂರು ಮಕ್ಕಳ ಕಾಲಿಗೆ ಚುಚ್ಚುತ್ತದೆ, ಆದರೆ ಮುಟ್ಟಲು ಪೌರಕಾರ್ಮಿಕರೂ ಹಿಂಜರಿಯುತ್ತಾರೆ. ಯಾರಾದರೂ ನೋಡಿ, ದೇವರನ್ನು ಕಸದ ಗಾಡಿಗೆ ಹಾಕಿದರು ಎಂದು ಕೂಗಿದರೆ ಗತಿಯೇನು?

ಕಪ್ಪು ಕೋಟು:

ಪವಿತ್ರವೆಂದು ಭಾವಿಸಿದ ವಸ್ತುವನ್ನು ಹಾಳುಮಾಡುವುದನ್ನು ನ್ಯಾಯ ಸಂಹಿತೆಯ 298ನೇ ಕಲಂ ಅಪರಾಧವೆನ್ನುತ್ತದೆ, ಆದರೆ ಅದಕ್ಕೆ ಧರ್ಮವನ್ನು ಅವಮಾನಿಸುವ ಉದ್ದೇಶವಿರಬೇಕು, ಅಥವಾ ಜನ ಅದನ್ನು ಅವಮಾನವೆಂದು ಭಾವಿಸುವ ಸಾಧ್ಯತೆಯ ಅರಿವಿರಬೇಕು. ಕಾನೂನು ಅಷ್ಟೇ, ಊರಿನ ನೆಮ್ಮದಿ ಬೇರೆ ವಿಷಯ. ಹತ್ತಿರದ ದೇವಸ್ಥಾನದ ಅರ್ಚಕರನ್ನೋ ಊರಿನ ಹಿರಿಯರನ್ನೋ ಮುಂದೆ ನಿಲ್ಲಿಸಿಕೊಂಡು, ಪಟವನ್ನು ಗಾಜು ಮತ್ತು ಚೌಕಟ್ಟಿನಿಂದ ಬಿಡಿಸಿ, ಕಾಗದವನ್ನು ಅವರ ಕೈಗೇ ಕೊಟ್ಟುಬಿಡಿ.

ಹಳೇ ಇನ್ಸ್‌ಪೆಕ್ಟರು:

ಒಂದು ಮಾತು ಯಾರೂ ಎತ್ತಲಿಲ್ಲ. ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಗಂಭೀರವಾದದ್ದು ಅದೇ. ಉತ್ಸಾಹದಿಂದ ಶುರುಮಾಡಿದವರು ಮೇಲಿನ ಕಸ ಮುಗಿದ ಮೇಲೆ ಕಟ್ಟಿಕೊಂಡ ಮೋರಿಯ ಕಡೆ ನೋಡುತ್ತಾರೆ. ತಮಗೆ ಇಳಿಯಲು ಮನಸ್ಸಾಗದೆ ಚಂದಾ ಎತ್ತಿ, ಐನೂರು ರೂಪಾಯಿ ಕೊಟ್ಟು ಯಾರೋ ಒಬ್ಬ ಬಡವನನ್ನು ಒಳಚರಂಡಿಯ ಗುಂಡಿಗೆ ಇಳಿಸುತ್ತಾರೆ. 2013ರ ಮಲಹೊರುವ ಪದ್ಧತಿ ನಿಷೇಧ ಕಾಯ್ದೆಯ 7ನೇ ಕಲಂ ಪ್ರಕಾರ ಒಳಚರಂಡಿಯನ್ನಾಗಲಿ ಶೌಚಗುಂಡಿಯನ್ನಾಗಲಿ ಹೀಗೆ ಅಪಾಯಕರವಾಗಿ ಶುಚಿ ಮಾಡಿಸುವಂತಿಲ್ಲ. ನಿಷೇಧ ಸರ್ಕಾರಿ ಕಚೇರಿಗೆ ಮಾತ್ರವಲ್ಲ, ಯಾವುದೇ ವ್ಯಕ್ತಿಗೆ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಸೆರೆ, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಆ ಮನುಷ್ಯ ಒಳಗೆ ಉಸಿರುಗಟ್ಟಿದರೆ ಸೆರೆವಾಸದ ಲೆಕ್ಕ ಹಾಕುವ ಮನಸ್ಸೂ ಉಳಿಯುವುದಿಲ್ಲ. ಮೋರಿ ಕಟ್ಟಿದ್ದರೆ ದೂರು ಕೊಡಿ, ಯಂತ್ರ ಬರುವವರೆಗೆ ಕಾಯಿರಿ.

ಇದರ ಜೊತೆಗೇ ಹೇಳುತ್ತೇನೆ: ನಿಮ್ಮ ರಸ್ತೆಯಲ್ಲಿ ಬಾಟಲಿ ಆಯ್ದು ಗುಜರಿಗೆ ಹಾಕಿ ಬದುಕುವವರು ಯಾರಾದರೂ ಇದ್ದರೆ ಮೊದಲು ಅವರನ್ನು ಮಾತಾಡಿಸಿ. ಅವರು ಆಯುವ ಹೊತ್ತಿಗೆ ಮುಂಚೆಯೇ ಹೋಗಿ ನೀವು ಬಾಚಿಕೊಂಡರೆ ಅದು ಯಾವ ಕಲಮಿನಲ್ಲಿಯೂ ತಪ್ಪಲ್ಲ, ಆದರೂ ಮಾಡಬೇಡಿ.

ಬೆಳಗಿನ ನಡಿಗೆ:

ಎಲ್ಲರ ಮಾತಿನಂತೆ ನಡೆದದ್ದನ್ನು ತಿಳಿಸುವುದು ನನ್ನ ಕರ್ತವ್ಯ. ಮುಖ್ಯಾಧಿಕಾರಿಗಳಿಗೆ ಪತ್ರ ಕೊಟ್ಟು ಮೊಹರು ಹಾಕಿಸಿಕೊಂಡೆ. ಲಿಖಿತ ಉತ್ತರ ಬಂದಿಲ್ಲ, ಆದರೆ ಆರೋಗ್ಯ ನಿರೀಕ್ಷಕರು ಫೋನಿನಲ್ಲಿ ಗಾಡಿಯ ಚಾಲಕರ ಸಂಖ್ಯೆ ಕೊಟ್ಟು, ಬುಧವಾರ ಮತ್ತು ಶನಿವಾರ ಬೆಳಿಗ್ಗೆ 6.40ಕ್ಕೆ ಪಂಪ್‌ಹೌಸ್ ಬಳಿ ನಿಲ್ಲಿಸಲು ಹೇಳಿದ್ದಾರೆ. ಭಾನುವಾರದ ಕಸವನ್ನು ಬುಧವಾರದವರೆಗೆ ಇಡಲು ಮುಚ್ಚಳವಿರುವ ಎರಡು ಹಳೆಯ ಡ್ರಮ್ಮುಗಳನ್ನು ನಮ್ಮ ಮನೆಯ ಕಾಂಪೌಂಡಿನೊಳಗೇ ಇಟ್ಟಿದ್ದೇನೆ. ತಂಡದಲ್ಲಿ ಈಗ ಆರು ಮಂದಿ ಇದ್ದೇವೆ. ಕೆರೆಯ ತಿರುವಿನ ಆಚೆಗೆ ಹೋಗುವುದಿಲ್ಲ ಎಂದು ತೀರ್ಮಾನಿಸಿದ್ದೇವೆ. ಬಾಟಲಿ ಆಯುವ ಒಬ್ಬ ಅಜ್ಜಿ ಇದ್ದಾರೆಂದು ವಿಚಾರಿಸಿದ ಮೇಲೆ ತಿಳಿಯಿತು. ಬಾಟಲಿಗಳನ್ನು ಬೇರೆ ಚೀಲದಲ್ಲಿ ಅವರಿಗೇ ಕೊಡುತ್ತಿದ್ದೇವೆ.

ನಿನ್ನೆ ಶನಿವಾರ ಗಾಡಿಯ ಹಿಂದೆ ನಿಂತಿದ್ದವರು ನನಗೆ ರಸೀದಿ ಹರಿದ ಅದೇ ಹಿರಿಯರು. ನಾನು ಜೇಬಿನಿಂದ ಮೊಹರಿನ ಪ್ರತಿ ತೆಗೆಯುವ ಮೊದಲೇ ಚೀಲವನ್ನು ಬಿಚ್ಚಿ ನೋಡಿ, ಕಟ್ಟಿ ಗಾಡಿಗೆ ಎಸೆದು, ಮುಂದಿನ ಸಲ ಗಾಜನ್ನು ಬೇರೆ ಕಟ್ಟಿ ತನ್ನಿ ಸ್ವಾಮಿ ಎಂದರು.